ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಬಡಕಲಾದ ನಾಯಿಗೆ ಊಟ, ಸೊರಗಿದ ಕೋಳಿಗೆ ಔಷಧಿ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳು, ಬೇರೆಯವರ ಕೈಯಲ್ಲಿ ಸೊರಗಿದ ಪ್ರಾಣಿಗಳನ್ನು ತಮ್ಮ ಮನೆಗೆ ತಂದುಕೊಂಡವರಿಂದ ಮತ್ತು ಹಿತ್ತಲಿನಲ್ಲಿ ಕೆಲವೇ ಕೋಳಿಗಳನ್ನು ಸಾಕಿಕೊಂಡವರಿಂದ ಬಂದಿವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಕಟ್ಟಿಹಾಕಿಯೇ ಬಿಟ್ಟುಹೋಗಿದ್ದ ನಾಯಿಯೊಂದನ್ನು ನಾವು ಮನೆಗೆ ತಂದಿದ್ದೇವೆ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. ಮೊದಲ ರಾತ್ರಿ ಅದು ತಿನ್ನುವಷ್ಟೂ ಊಟ ಹಾಕಿದೆವು. ಮಾರನೆಯ ದಿನದಿಂದ ಭೇದಿಯಾಗುತ್ತಿದೆ, ನಿಂತರೆ ಕಾಲು ನಡುಗುತ್ತದೆ. ಇನ್ನೂ ಪೌಷ್ಟಿಕವಾದ ಆಹಾರ ಕೊಡಬೇಕೇ? ಸ್ನಾನ ಮಾಡಿಸಬಹುದೇ?

ಉತ್ತರ: ಆಹಾರವನ್ನು ಹೆಚ್ಚಿಸಬೇಡಿ, ಈ ಲಕ್ಷಣಗಳಿರುವುದರಿಂದ ಇಂದೇ ಅದನ್ನು ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ಹಸಿದ ಪ್ರಾಣಿಯನ್ನು ಕಂಡವರು ಮೊದಲು ಮಾಡುವ ಕೆಲಸವನ್ನೇ ನೀವೂ ಮಾಡಿದ್ದೀರಿ. ಆದರೆ ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಸಿಕ್ಕ ಹೊಟ್ಟೆತುಂಬ ಊಟವೇ ಅಪಾಯಕಾರಿಯಾಗಬಲ್ಲದು. ಆಹಾರವಿಲ್ಲದಾಗ ದೇಹವು ತನ್ನ ಕೊಬ್ಬನ್ನೂ ಸ್ನಾಯುಗಳನ್ನೂ ಕರಗಿಸಿಕೊಂಡು ಬದುಕುತ್ತದೆ, ಆ ಅವಧಿಯಲ್ಲಿ ರಂಜಕ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ದಾಸ್ತಾನು ಬಹುಮಟ್ಟಿಗೆ ಬರಿದಾಗಿರುತ್ತದೆ. ಹಠಾತ್ತನೆ ಊಟ ಬಂದಾಗ, ಅದರಲ್ಲೂ ಪಿಷ್ಟ ಮತ್ತು ಸಕ್ಕರೆ ಹೆಚ್ಚಿರುವ ಊಟ ಬಂದಾಗ, ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಲವಣಗಳೂ ಜೀವಕೋಶಗಳ ಒಳಗೆ ಸೇರಿಬಿಡುತ್ತವೆ. ಇದರಿಂದ ಸ್ನಾಯುಗಳು ಬಲಹೀನವಾಗುತ್ತವೆ, ಕೆಂಪು ರಕ್ತಕಣಗಳು ಒಡೆಯಬಹುದು, ಹೃದಯದ ಬಡಿತ ತಪ್ಪಿ ಪ್ರಾಣವೇ ಹೋಗಬಹುದು. ಊಟ ಮತ್ತೆ ಆರಂಭವಾದ ಮೊದಲ ಕೆಲವು ದಿನಗಳಲ್ಲೇ ಈ ಅಪಾಯ ಹೆಚ್ಚು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ಕೊರತೆಯಾದ ಲವಣಗಳನ್ನು ವೈದ್ಯರು ರಕ್ತನಾಳದ ಮೂಲಕ ಕೊಡಬಲ್ಲರು.

ಊಟದ ಪ್ರಮಾಣವನ್ನು ಪ್ರಾಣಿಯ ಈಗಿನ ತೂಕದ ಮೇಲೆ ಲೆಕ್ಕ ಹಾಕಬೇಕೇ ಹೊರತು ಅದು ಇರಬೇಕಾಗಿದ್ದ ತೂಕದ ಮೇಲಲ್ಲ. ಸುಮ್ಮನೆ ಮಲಗಿರುವ 10 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 400 ಕಿಲೋಕ್ಯಾಲರಿ ಬೇಕಾಗುತ್ತದೆ. ತೀರಾ ಬಡಕಲಾದ ನಾಯಿಗೆ ಮೊದಲ ದಿನ ಅದರ ಕಾಲು ಭಾಗದಷ್ಟನ್ನೇ, ಅಂದರೆ ಸುಮಾರು 100 ಕಿಲೋಕ್ಯಾಲರಿಯಷ್ಟನ್ನು, ನಾಲ್ಕರಿಂದ ಆರು ಸಣ್ಣ ತುತ್ತುಗಳಾಗಿ ಹಂಚಿ ಕೊಡಬೇಕು. ಭೇದಿ, ವಾಂತಿ, ಸುಸ್ತು ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾ, ನಾಲ್ಕರಿಂದ ಹತ್ತು ದಿನಗಳ ಅವಧಿಯಲ್ಲಿ ಪೂರ್ಣ ಪ್ರಮಾಣಕ್ಕೆ ತಲುಪಬೇಕು. ಪ್ರೋಟೀನ್ ಚೆನ್ನಾಗಿರುವ ಸಿದ್ಧ ನಾಯಿ ಆಹಾರ ಇದಕ್ಕೆ ಅನುಕೂಲಕರ, ಏಕೆಂದರೆ ಅದರಲ್ಲಿರುವ ಕ್ಯಾಲರಿಯ ಲೆಕ್ಕ ಪೊಟ್ಟಣದ ಮೇಲೆಯೇ ಇರುತ್ತದೆ. ಹಾಲನ್ನೂ ಜಿಡ್ಡಿನ ಉಳಿಕೆಗಳನ್ನೂ ಕೊಡಬೇಡಿ. ಶುದ್ಧ ನೀರು ಸದಾ ಕೈಗೆಟಕುವಂತಿರಲಿ. ಗಟಗಟನೆ ಕುಡಿದು ವಾಂತಿ ಮಾಡಿಕೊಳ್ಳುತ್ತಿದ್ದರೆ ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಇಡಿ.

ಸ್ನಾನ ಸದ್ಯಕ್ಕೆ ಬೇಡ. ಚರ್ಮದ ಕೆಳಗೆ ಕೊಬ್ಬೇ ಇಲ್ಲದ ಪ್ರಾಣಿ ಒದ್ದೆಯಾದರೆ ಅದರ ಮೈಬಿಸಿ ಬೇಗ ಇಳಿದುಹೋಗುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಗಾಳಿ ಬೀಸದ ಜಾಗದಲ್ಲಿ ದಪ್ಪನೆಯ ಹಾಸಿಗೆಯ ಮೇಲೆ ಮಲಗಿಸಿ. ಬಹುಕಾಲ ಕಟ್ಟಿಹಾಕಿದ್ದ ನಾಯಿಯಾದ್ದರಿಂದ ಕುತ್ತಿಗೆಯ ಸುತ್ತ ಬೆರಳಾಡಿಸಿ ನೋಡಿ. ಮರಿಯಾಗಿದ್ದಾಗ ಹಾಕಿದ ಪಟ್ಟಿಯನ್ನು ಯಾರೂ ಸಡಿಲಿಸದೆ, ಅದು ಚರ್ಮದೊಳಕ್ಕೆ ಇಳಿದು ಕೀವಾಗಿರುವ ಪ್ರಕರಣಗಳು ಅಪರೂಪವಲ್ಲ. ಅಂಥ ಪಟ್ಟಿಯನ್ನು ಮನೆಯಲ್ಲಿ ಎಳೆದು ತೆಗೆಯಬೇಡಿ. ಅರಿವಳಿಕೆ ಕೊಟ್ಟು ಬಿಡಿಸಬೇಕಾದ ಕೆಲಸ ಅದು. ಜಡೆಗಟ್ಟಿದ ಕೂದಲನ್ನೂ ಕತ್ತರಿಯಿಂದ ಕತ್ತರಿಸಲು ಹೋಗಬೇಡಿ, ಗಂಟಿನ ಜೊತೆಗೆ ಮೇಲೆದ್ದು ಬಂದಿರುವ ಚರ್ಮವೂ ಕತ್ತರಿಗೆ ಸಿಗುತ್ತದೆ. ಜಂತುಹುಳದ ಔಷಧಿ, ಉಣ್ಣೆಯ ಔಷಧಿ ಮತ್ತು ಲಸಿಕೆಗಳನ್ನು ಯಾವಾಗ ಕೊಡಬೇಕೆಂಬುದನ್ನು ಅದರ ಸ್ಥಿತಿ ನೋಡಿದ ವೈದ್ಯರೇ ನಿರ್ಧರಿಸಲಿ.

ಇನ್ನೊಂದು ಮಾತು: ಹಸಿವಿನಲ್ಲಿ ಬದುಕಿದ ನಾಯಿ ತಟ್ಟೆಯ ಬಳಿಗೆ ಬಂದ ಕೈಗೆ ಬಾಯಿ ಹಾಕಬಹುದು. ಅದನ್ನು ದುಷ್ಟತನವೆಂದು ಗದರಿಸಬೇಡಿ. ಊಟ ಇಟ್ಟು ದೂರ ಸರಿಯಿರಿ, ಮಕ್ಕಳನ್ನು ಆ ಸಮಯದಲ್ಲಿ ಹತ್ತಿರ ಬಿಡಬೇಡಿ. ಊಟ ದಿನವೂ ಅದೇ ವೇಳೆಗೆ ಬರುತ್ತದೆಂಬ ನಂಬಿಕೆ ಮೂಡಲು ಅದಕ್ಕೆ ವಾರಗಳೇ ಬೇಕಾಗಬಹುದು.

ಪ್ರಶ್ನೆ: ಸುಮಾರು ಐದು ವಾರದ ನಮ್ಮ ಕೋಳಿಮರಿಗಳು ಗರಿ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿವೆ. ಹಿಕ್ಕೆಯಲ್ಲಿ ರಕ್ತವಿದೆ. ಮೂರು ಸತ್ತಿವೆ. ಪರಿಚಯದವರೊಬ್ಬರು ಹೇಳಿದಂತೆ ಮನುಷ್ಯರ ಆಂಟಿಬಯೋಟಿಕ್ ಕ್ಯಾಪ್ಸೂಲಿನ ಪುಡಿಯನ್ನು ನೀರಿಗೆ ಬೆರೆಸಿದೆವು, ಗುಣ ಕಾಣಲಿಲ್ಲ. ದೊಡ್ಡ ಕೋಳಿಗಳು ಮಾತ್ರ ಚೆನ್ನಾಗಿವೆ. ಏನಿದು?

ಉತ್ತರ: ವಯಸ್ಸು, ರಕ್ತ ಬೆರೆತ ಹಿಕ್ಕೆ, ದೊಡ್ಡ ಕೋಳಿಗಳು ಆರೋಗ್ಯವಾಗಿರುವುದು, ಈ ಮೂರನ್ನೂ ಸೇರಿಸಿ ನೋಡಿದರೆ ಇದು ಹೆಚ್ಚಾಗಿ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ. ಐಮೀರಿಯಾ ಎಂಬ ಏಕಕೋಶ ಪರಾವಲಂಬಿ ಜೀವಿ ಕರುಳಿನ ಒಳಪದರದ ಕೋಶಗಳನ್ನು ಹೊಕ್ಕು, ಅಲ್ಲಿಯೇ ಹೆಚ್ಚಿ, ಅವುಗಳನ್ನು ಒಡೆದು ಹೊರಬರುವುದರಿಂದ ರಕ್ತಸ್ರಾವವಾಗುತ್ತದೆ. ರೋಗಪೀಡಿತ ಮರಿಯ ಹಿಕ್ಕೆಯಲ್ಲಿ ಹೊರಬೀಳುವ ಅದರ ಅಂಡಕೋಶಗಳು ಆ ಕ್ಷಣಕ್ಕೆ ಸೋಂಕು ತಗುಲಿಸುವ ಸ್ಥಿತಿಯಲ್ಲಿರುವುದಿಲ್ಲ. ತೇವ, ಬೆಚ್ಚನೆಯ ವಾತಾವರಣ ಮತ್ತು ಗಾಳಿ ಸಿಕ್ಕರೆ ಒಂದೆರಡು ದಿನಗಳಲ್ಲಿ ಅವು ಬಲಿತು, ಬೇರೆ ಮರಿಗಳ ಹೊಟ್ಟೆ ಸೇರಲು ಸಿದ್ಧವಾಗುತ್ತವೆ. ಹಾಗಾಗಿ ಈ ರೋಗದ ಮೂಲವನ್ನು ನೀವು ಹುಡುಕಬೇಕಾದದ್ದು ಗೂಡಿನ ನೆಲದಲ್ಲಿ, ಅದರಲ್ಲೂ ನೀರಿನ ಪಾತ್ರೆಯ ಸುತ್ತ ಚೆಲ್ಲಿ ಸದಾ ಒದ್ದೆಯಾಗಿರುವ ಜಾಗದಲ್ಲಿ. ದೊಡ್ಡ ಕೋಳಿಗಳು ಹಿಂದೆಯೇ ಸ್ವಲ್ಪ ಸ್ವಲ್ಪ ಸೋಂಕಿಗೆ ಒಡ್ಡಿಕೊಂಡು ನಿರೋಧಕ ಶಕ್ತಿ ಪಡೆದಿರುತ್ತವೆ, ಆದರೆ ಅಂಡಕೋಶಗಳನ್ನು ನೆಲಕ್ಕೆ ಉದುರಿಸುತ್ತಲೇ ಇರಬಹುದು. ಆದ್ದರಿಂದ ಮರಿಗಳನ್ನು ಅವುಗಳಿಂದ ಬೇರೆಯಾಗಿ ಬೆಳೆಸುವುದು ಒಳ್ಳೆಯದು.

ನೀವು ಬಳಸಿದಂಥ ಕ್ಯಾಪ್ಸೂಲುಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳಿಗೆ ಮೀಸಲಾದವು, ಈ ಜೀವಿಯ ಮೇಲೆ ಅವು ಕೆಲಸ ಮಾಡುವುದಿಲ್ಲ. ಆಂಪ್ರೋಲಿಯಂ ಎಂಬ ಔಷಧಿಯನ್ನು ಪಶುವೈದ್ಯರು ಸೂಚಿಸಿದ ಪ್ರಮಾಣದಲ್ಲಿ ಕುಡಿಯುವ ನೀರಿಗೆ ಬೆರೆಸುವುದು ರೂಢಿಯ ಚಿಕಿತ್ಸೆ. ಬೇರೆ ನೀರು ಸಿಗದಂತೆ ನೋಡಿಕೊಳ್ಳಬೇಕು ಮತ್ತು ದಿನವೂ ಹೊಸದಾಗಿ ಬೆರೆಸಬೇಕು. ಈ ಔಷಧಿ ಆ ಜೀವಿಗೆ ಥಯಮಿನ್, ಅಂದರೆ ಬಿ1 ವಿಟಮಿನ್, ದಕ್ಕದಂತೆ ಮಾಡಿ ಅದನ್ನು ಮಣಿಸುತ್ತದೆ. ಮರಿಗಳಿಗೆ ಶಕ್ತಿ ಬರಲೆಂದು ಅದೇ ಸಮಯದಲ್ಲಿ ಬಿ ಕಾಂಪ್ಲೆಕ್ಸ್ ಹಾಕಿದರೆ ಔಷಧಿಯ ಬಲ ಕುಂದುತ್ತದೆ. ವಿಟಮಿನ್ ಏನಿದ್ದರೂ ಚಿಕಿತ್ಸೆ ಮುಗಿದ ಮೇಲೆ. ನೀರನ್ನೂ ಮುಟ್ಟದಷ್ಟು ಸೋತ ಮರಿಗಳನ್ನು ಬೇರ್ಪಡಿಸಿ, ಬೆಚ್ಚಗಿಟ್ಟು, ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಔಷಧಿಯ ನೀರನ್ನು ಮುಟ್ಟಿಸಬೇಕು. ಬಾಯಿ ತೆರೆದು ಸುರಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ.

ಔಷಧಿಗಿಂತಲೂ ಹೆಚ್ಚಿನ ಶ್ರಮವನ್ನು ನಾನು ನೆಲಹಾಸಿಗೆ ಕೇಳುತ್ತೇನೆ. ಒದ್ದೆಯಾದ ಹಾಸನ್ನೆಲ್ಲ ಕೆರೆದು ದೂರ ಸಾಗಿಸಿ, ನೆಲ ಒಣಗಿದ ಮೇಲೆ ಹೊಸ ಹಾಸು ಹರಡಿ, ನೀರಿನ ಪಾತ್ರೆಯನ್ನು ಮರಿಗಳ ಬೆನ್ನಿನ ಎತ್ತರಕ್ಕೆ ಏರಿಸಿ. ಸಾಮಾನ್ಯ ಫಿನಾಯಿಲ್ ಸಿಂಪಡಿಸಿದ ಮಾತ್ರಕ್ಕೆ ಅಂಡಕೋಶಗಳು ಸಾಯುವುದಿಲ್ಲ. ಅವುಗಳ ಹೊರಕವಚ ಅಷ್ಟು ಗಟ್ಟಿ. ಒಣಗಿಸುವುದೇ ನಿಮ್ಮ ಕೈಯಲ್ಲಿರುವ ಪರಿಣಾಮಕಾರಿ ಉಪಾಯ.

ಇಷ್ಟಾದರೂ ಪತ್ರದಿಂದ ರೋಗ ನಿರ್ಧಾರವಾಗದು. ಸತ್ತ ಮರಿಯನ್ನು ಚೀಲದಲ್ಲಿ ಸುತ್ತಿ, ಮಂಜುಗಟ್ಟಿಸದೆ ತಂಪಾಗಿಟ್ಟು, ಅದೇ ದಿನ ಶವಪರೀಕ್ಷೆಗೆ ಒಯ್ದರೆ ಉಳಿದವುಗಳಿಗೆ ಆಗುವ ಉಪಕಾರ ಬಹಳ. ಹಸಿರು ಬಣ್ಣದ ಭೇದಿ, ಬಾಯಿ ತೆರೆದು ಏದುಸಿರು, ಕತ್ತು ತಿರುಚಿಕೊಳ್ಳುವುದು, ಕಾಲು ಸೋಲುವುದು ಇವು ಕಂಡರೆ ಕೊಕ್ಕರೆ ರೋಗವೆಂಬ ರಾಣಿಖೇತ್ ರೋಗದ ಶಂಕೆ ಮೂಡುತ್ತದೆ. ಅದು ವೈರಸ್ಸಿನಿಂದ ಬರುವಂಥದ್ದು, ಅದಕ್ಕೆ ಚಿಕಿತ್ಸೆಯಿಲ್ಲ. ಮುಂಚಿತವಾಗಿ ಹಾಕಿಸಿದ ಲಸಿಕೆಯೇ ಕಾಯಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡದೆ ಬಿಸಿಲಿನಲ್ಲಿ ಹೊತ್ತು ತಂದಿದ್ದರೆ ಹಾಕಿಯೂ ಫಲವಿಲ್ಲ. ಒಂದೆರಡು ದಿನಗಳಲ್ಲಿ ಅನೇಕ ಕೋಳಿಗಳು ಹಠಾತ್ತನೆ ಸತ್ತು, ಜುಟ್ಟು ನೀಲಿಗಟ್ಟಿ, ಮುಖ ಊದಿಕೊಂಡಿದ್ದರೆ ಹಕ್ಕಿಜ್ವರವಿರಬಹುದೆಂದೇ ಭಾವಿಸಿ. ಬರಿಗೈಯಲ್ಲಿ ಮುಟ್ಟದೆ, ನಾಯಿ ಬೆಕ್ಕುಗಳಿಗೆ ಸಿಗದಂತೆ ಮಾಡಿ, ಕೂಡಲೇ ಪಶುವೈದ್ಯಕೀಯ ಅಧಿಕಾರಿಗಳಿಗೆ ತಿಳಿಸಿ. ಹಕ್ಕಿಜ್ವರದ ಕೋಳಿಯನ್ನು ತಿಂದ ಬೆಕ್ಕುಗಳು ಸತ್ತದ್ದುಂಟು.

ಪ್ರಶ್ನೆ: ನಮ್ಮ ಹೇಂಟೆಗಳ ಜುಟ್ಟು ಬಿಳಿಚಿಕೊಂಡಿದೆ, ಮೊಟ್ಟೆ ಕಡಿಮೆಯಾಗಿದೆ, ಸಂಜೆಯಾದರೆ ಗೂಡಿಗೆ ಹೋಗಲು ಹಿಂಜರಿಯುತ್ತವೆ. ಹಗಲಿನಲ್ಲಿ ಮೈಮೇಲೆ ಹೇನು ಕಾಣುವುದಿಲ್ಲ.

ಉತ್ತರ: ರಾತ್ರಿ ಟಾರ್ಚ್ ಹಿಡಿದು ನೋಡಿ. ಕೆಂಪು ನುಸಿ ಹಗಲೆಲ್ಲ ಕೂರುವ ಕೋಲಿನ ಸಂದುಗಳಲ್ಲಿ, ಹಲಗೆಯ ಬಿರುಕುಗಳಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹೊರಬಂದು ರಕ್ತ ಹೀರುತ್ತದೆ. ಗೂಡಿಗೆ ಹೋಗಲು ಹಿಂಜರಿಯುವುದೇ ಬಹುಮುಖ್ಯ ಸುಳಿವು. ಕೋಲಿನ ಕೆಳಭಾಗಕ್ಕೆ ಬಿಳಿ ಕಾಗದ ಒತ್ತಿ ಎಳೆದರೆ ರಕ್ತದ ಕಲೆ ಮೂಡಬಹುದು. ಕೋಳಿಗಿಂತ ಗೂಡಿಗೇ ಚಿಕಿತ್ಸೆ ಮುಖ್ಯ: ಹಾಸನ್ನು ತೆಗೆದು, ಬಿರುಕುಗಳಿಗೆ ಬಿಸಿನೀರು ಹಾಯಿಸಿ, ಒಣಗಿದ ಮೇಲೆ ಕೋಳಿಗಳಿಗೆ ಸುರಕ್ಷಿತವೆಂದು ಅನುಮತಿಯಿರುವ ನುಸಿನಾಶಕ ಬಳಸಿ, ಮೊಟ್ಟೆಯೊಡೆದು ಬರುವ ಹೊಸ ಪೀಳಿಗೆಗಾಗಿ ವಾರದೊಳಗೆ ಮತ್ತೊಮ್ಮೆ ಮಾಡಿ. ರಕ್ತವಿಲ್ಲದೆಯೂ ಈ ನುಸಿ ತಿಂಗಳುಗಟ್ಟಲೆ ಬದುಕಬಲ್ಲದಾದ್ದರಿಂದ, ಗೂಡನ್ನು ಕೆಲವು ವಾರ ಖಾಲಿ ಬಿಡುವುದರಿಂದ ಪ್ರಯೋಜನವಿಲ್ಲ. ಯಾವುದೇ ಔಷಧಿ ಬಳಸಿದರೂ ಎಷ್ಟು ದಿನ ಮೊಟ್ಟೆ ಮತ್ತು ಮಾಂಸವನ್ನು ತಿನ್ನಬಾರದೆಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ವೃದ್ಧರೊಬ್ಬರು ತೀರಿಹೋದ ನಂತರ ಅನಾಥವಾದ ಬೆಕ್ಕನ್ನು ತಂದಿದ್ದೇನೆ. ಮಂಚದ ಕೆಳಗೆ ಅಡಗಿರುತ್ತದೆ, ಎರಡು ದಿನಗಳಿಂದ ಏನೂ ತಿಂದಿಲ್ಲ. ಮೈ ಬಿಸಿಯಿದೆ. ಅರ್ಧ ಪ್ಯಾರಸಿಟಮಾಲ್ ಕೊಡಬಹುದೇ? ಚಿಗಟಗಳೂ ಇವೆ, ನಾಯಿಗೆ ಹಾಕುವ ಹನಿ ಔಷಧಿ ಮನೆಯಲ್ಲಿದೆ.

ಉತ್ತರ: ಎರಡನ್ನೂ ಕೊಡಬೇಡಿ. ಪ್ಯಾರಸಿಟಮಾಲನ್ನು ನಿರ್ವಿಷಗೊಳಿಸುವ ಕಿಣ್ವದ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒಂದೇ ಮಾತ್ರೆಯೂ ಕೊಲ್ಲಬಲ್ಲದು. ಕೆಂಪು ರಕ್ತಕಣಗಳು ಆಮ್ಲಜನಕ ಒಯ್ಯಲಾರದೆ ಒಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ನಾಯಿಗಳ ಕೆಲವು ಹನಿ ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ನಡುಕ ಮತ್ತು ಸೆಳವು ತರುತ್ತದೆ. ಇವುಗಳಲ್ಲಿ ಯಾವುದನ್ನಾದರೂ ಆಗಲೇ ಕೊಟ್ಟಿದ್ದರೆ ಲಕ್ಷಣಗಳಿಗಾಗಿ ಕಾಯದೆ ಔಷಧಿಯ ಪೊಟ್ಟಣದೊಂದಿಗೆ ವೈದ್ಯರಲ್ಲಿಗೆ ಹೋಗಿ.

ಎರಡು ದಿನ ತಿನ್ನದಿರುವುದು ಸ್ವತಃ ತುರ್ತು ವಿಷಯ. ಬೆಕ್ಕು ತಿನ್ನುವುದನ್ನು ನಿಲ್ಲಿಸಿದರೆ ಮೈಯ ಕೊಬ್ಬು ಯಕೃತ್ತಿಗೆ ಹರಿದು ಅಲ್ಲಿ ಶೇಖರವಾಗಿ ಯಕೃತ್ತು ಸೋಲುತ್ತದೆ, ದಪ್ಪನೆಯ ಬೆಕ್ಕುಗಳಲ್ಲಿ ಇದು ಇನ್ನೂ ಬೇಗ. ನಾಳೆಯವರೆಗೆ ಕಾಯಬೇಡಿ. ಮನೆಯಲ್ಲಿ ಅದಕ್ಕೊಂದು ಶಾಂತವಾದ ಕೋಣೆ, ಅಡಗಲು ಒಂದು ಪೆಟ್ಟಿಗೆ, ಹಳೆಯ ಮನೆಯ ವಾಸನೆಯಿರುವ ಬಟ್ಟೆ ಇರಲಿ. ಒಡೆಯನನ್ನೂ ಮನೆಯನ್ನೂ ಒಮ್ಮೆಲೇ ಕಳೆದುಕೊಂಡ ಪ್ರಾಣಿ ಅದು, ಎಳೆದು ಮುದ್ದಿಸುವ ಕಾಲ ಇನ್ನೂ ಬಂದಿಲ್ಲ.

ಪ್ರಶ್ನೆ: ಇಂಥ ಪ್ರಾಣಿಗಳಿಂದ ಮನೆಯ ಮಕ್ಕಳಿಗೆ ರೋಗ ಬಾರದೇ?

ಉತ್ತರ: ಬರಬಹುದು, ಆದರೆ ತಡೆಯುವುದು ಕಷ್ಟವಲ್ಲ. ಕಜ್ಜಿಯ ಒಂದು ಬಗೆ ಮತ್ತು ಹುಳುಕಡ್ಡಿ ಮುಟ್ಟುವುದರಿಂದ ಹರಡುತ್ತವೆ. ಚೆನ್ನಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಕೋಳಿ, ಗೂಡು, ಮೊಟ್ಟೆ ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯುವುದನ್ನು ಕಡ್ಡಾಯ ಮಾಡಿ, ಮರಿಗಳಿಗೆ ಮುತ್ತಿಡಲು ಬಿಡಬೇಡಿ. ಹೊಸ ಪ್ರಾಣಿಯನ್ನು ವೈದ್ಯರು ನೋಡುವವರೆಗೆ ಬೇರೆ ಕೋಣೆಯಲ್ಲಿಡಿ. ಹೊಸ ಕೋಳಿಗಳನ್ನು ಸುಮಾರು 30 ದಿನ ಪ್ರತ್ಯೇಕವಾಗಿಟ್ಟು, ಹಳೆಯವುಗಳ ಕೆಲಸ ಮುಗಿಸಿದ ಮೇಲೆಯೇ ಅವುಗಳ ಬಳಿಗೆ ಹೋಗಿ. ಲಸಿಕೆಯ ಇತಿಹಾಸ ತಿಳಿಯದ ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ, ಗಾಯ ಎಷ್ಟೇ ಚಿಕ್ಕದಿದ್ದರೂ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ವಿಷಯ ಕೇಳಿ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆ ರೋಗದಿಂದ ಉಳಿದವರು ಅತ್ಯಂತ ವಿರಳ.