ಕೊಡಗಿನ ಆನೆಗಳು ಕಾಫಿ ತೋಟ ಬಿಟ್ಟು ಕಾಡಿಗೆ ಯಾಕೆ ಮರಳುತ್ತಿಲ್ಲ?

ಓಡಿಸಿದರೂ ಮತ್ತೆ ಬರುತ್ತವೆ, ಏಕೆಂದರೆ ಅವುಗಳಿಗೆ ಈಗ ತೋಟವೇ ಒಳ್ಳೆಯ ಕಾಡು. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, 100 ಲೀಟರಿಗೂ ಹೆಚ್ಚು ನೀರು ಬೇಕು. ಕಾಡಿನೊಳಗೆ ಹಿಂದೆ ನೆಟ್ಟ ತೇಗದ ತೋಪುಗಳಲ್ಲಿ ಮೇವು ಕಡಿಮೆ. ಬಯಲಾದ ಕಡೆ ಲಂಟಾನ ಎಂಬ ಕಳೆ ಪೊದೆ ಹಬ್ಬಿ ಹುಲ್ಲು, ಬಿದಿರಿನ ಸಸಿ ಏಳಲು ಬಿಡುವುದಿಲ್ಲ. ತೋಟದಲ್ಲಾದರೋ ಬೇಸಿಗೆಯಲ್ಲೂ ನೀರಿರುವ ಕೆರೆ, ದಟ್ಟ ನೆರಳು, ಮೇ–ಜುಲೈನಲ್ಲಿ ಹಲಸು, ಮಳೆ ಕಳೆದ ಮೇಲೆ ಪಕ್ಕದ ಗದ್ದೆಯ ಭತ್ತ. ಇಲ್ಲೇ ಹುಟ್ಟಿದ ಮರಿ ತಾಯಿಯಿಂದ ಇದೇ ದಾರಿ ಕಲಿಯುತ್ತದೆ.

ಬೇಲಿಯೊಂದನ್ನೇ ನಂಬಬೇಡಿ. ಸೋಲಾರ್ ತಂತಿಗೆ ಬಳ್ಳಿ, ಹುಲ್ಲು ತಾಗಿದರೆ ಕರೆಂಟು ನೆಲಕ್ಕೆ ಸೋರಿ ಶಾಕ್ ದುರ್ಬಲವಾಗುತ್ತದೆ. ದಂತಕ್ಕೆ ಶಾಕ್ ತಗಲುವುದಿಲ್ಲ, ಆದ್ದರಿಂದ ಸಲಗ ದಂತದಿಂದಲೇ ತಂತಿ ಕಿತ್ತುಹಾಕುತ್ತದೆ. ಕಂದಕದ ಅಂಚು ಇಲ್ಲಿನ ಮಳೆಗೆ ಕುಸಿದು ದಾರಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಹಿಂಡು ತೋಟದೊಳಗೆ ಇರುವಾಗಲೇ ಗಡಿ ಮುಚ್ಚುವುದು: ಹೊರಗೆ ಹೋಗಬೇಕಾದವು ಒಳಗೇ ಸಿಕ್ಕಿಕೊಳ್ಳುತ್ತವೆ.

ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಸುತ್ತಲಿನ ಹಲಸನ್ನು ಎಳೆಯದಾಗಿರುವಾಗಲೇ ಕೊಯ್ದುಬಿಡಿ. ಆನೆ ಇದೆಯೆಂಬ ಸುದ್ದಿ ಬಂದ ದಿನ ಮಂಜು ಕರಗುವವರೆಗೆ ಕಾರ್ಮಿಕರನ್ನು ಕೆಲಸಕ್ಕೆ ಕರೆಯಲೇಬೇಡಿ.