ಓದುಗರ ಪ್ರಶ್ನೆ: ವಿರಳ ಎಂಬುದು ಹೆಸರಿಗಷ್ಟೇ

ಪ್ರಶ್ನೆ: ವಿರಳ ಭೂಧಾತುಗಳು ನಿಜಕ್ಕೂ ವಿರಳವಲ್ಲವಂತೆ. ಹಾಗಿದ್ದರೆ ಎಲ್ಲ ದೇಶಗಳೂ ಚೀನಾದ ಬಾಗಿಲಲ್ಲಿ ನಿಲ್ಲುವುದೇಕೆ?

ಉತ್ತರ: ಇಂಗ್ಲಿಷಿನಲ್ಲಿ ‘ರೇರ್ ಅರ್ತ್ಸ್’ ಎನ್ನುವ ಈ 17 ಲೋಹಧಾತುಗಳಲ್ಲಿ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಅಗೆಯುವುದು ದೊಡ್ಡ ಮಾತಲ್ಲ, ಬೇರ್ಪಡಿಸುವುದೇ ಕಷ್ಟ. ಎಲ್ಲವೂ ಒಂದೇ ಅದಿರಿನಲ್ಲಿ ಕಲೆತಿರುತ್ತವೆ. ಅಕ್ಕಪಕ್ಕದ ಧಾತುಗಳ ಅಯಾನುಗಳ (ವಿದ್ಯುದಂಶವುಳ್ಳ ಪರಮಾಣುಗಳ) ಗಾತ್ರದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ.

ಅದಿರನ್ನು ಸಂಸ್ಕರಿಸಿ ಆಮ್ಲದಲ್ಲಿ ಕರಗಿಸಿದ ಮೇಲೆ, ಆ ದ್ರಾವಣವನ್ನು, ಧಾತುಗಳನ್ನು ಸೆಳೆದುಕೊಳ್ಳುವ ರಂಜಕಯುಕ್ತ ಸಾವಯವ ಆಮ್ಲ ಬೆರೆಸಿದ ಸೀಮೆಎಣ್ಣೆಯೊಡನೆ ತೊಟ್ಟಿಯಲ್ಲಿ ಕಲಕುತ್ತಾರೆ. ಕಲಕುವುದನ್ನು ನಿಲ್ಲಿಸಿದರೆ ಎಣ್ಣೆ ಮೇಲೆ, ನೀರು ಕೆಳಗೆ. ಭಾರದ ಧಾತು ತುಸು ಹೆಚ್ಚಾಗಿ ಎಣ್ಣೆಗೆ ಸೇರಿರುತ್ತದೆ. ತುಸು ಮಾತ್ರ! ಆದ್ದರಿಂದಲೇ ಸಾಲಾಗಿ ನೂರಾರು ತೊಟ್ಟಿಗಳು ಬೇಕು. ನೀರಿನಲ್ಲಿ ಆಮ್ಲ ಹೆಚ್ಚಾದರೆ ಧಾತು ಎಣ್ಣೆಗೆ ಏರುವುದೇ ಇಲ್ಲ. ತೀರಾ ಕಡಿಮೆಯಾದರೆ ಗಸಿ ಕಟ್ಟಿ, ಎಣ್ಣೆ ನೀರು ಬೇರೆಯಾಗದೆ ಸಾಲೇ ಕೆಡುತ್ತದೆ. ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಜೋಡಿಯನ್ನಂತೂ ಹಲವು ಕಾರ್ಖಾನೆಗಳು ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಅಯಸ್ಕಾಂತಕ್ಕೆ ಮಿಶ್ರಣವೇ ಸಾಕು. ಇನ್ನು ಮೊನಜೈಟ್‌ನಂಥ ಅದಿರಾದರೆ ಥೋರಿಯಂ ಇರುವ ವಿಕಿರಣಶೀಲ ತ್ಯಾಜ್ಯವನ್ನೂ ಸಂಭಾಳಿಸಬೇಕು. ದಶಕಗಳಿಂದ ಇದನ್ನೆಲ್ಲ ಮಾಡಿ ಪಳಗಿದ ಚೀನಾದ ಕೈಯಲ್ಲಿ ಇಂದು ಜಗತ್ತಿನ ಶುದ್ಧೀಕರಣದ ಸುಮಾರು ಶೇ 90ರಷ್ಟಿದೆ. 2023ರ ಡಿಸೆಂಬರ್‌ನಲ್ಲಿ ಅದು ಈ ತಂತ್ರಜ್ಞಾನದ ರಫ್ತನ್ನೂ ನಿಷೇಧಿಸಿತು.

ಪ್ರಶ್ನೆ: 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಧಾತುಗಳಿಗೆ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಪಟ್ಟಿಯಲ್ಲಿ ನಿಯೋಡಿಮಿಯಂ ಇರಲಿಲ್ಲ. ಆದರೂ ಕಾರು ತಯಾರಕರು ಕಂಗಾಲಾದದ್ದೇಕೆ?

ಉತ್ತರ: ಪಟ್ಟಿಯಲ್ಲಿ ಡಿಸ್ಪ್ರೋಸಿಯಂ, ಟೆರ್ಬಿಯಂ ಇದ್ದವಲ್ಲ! ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತದ ತೂಕದಲ್ಲಿ ಸುಮಾರು ಶೇ 30ರಷ್ಟು ವಿರಳ ಭೂಧಾತು. ಆದರೆ ವಿದ್ಯುತ್ ಕಾರಿನ ಮೋಟರು 150 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಿಸಿಯಾದಾಗ ಅದರ ಕಾಂತತ್ವ ಕುಗ್ಗದಂತೆ ಕಾಯುವುದು ಈ ಎರಡರ ಚಿಟಿಕೆ ಬೆರಕೆ. ಇಂಥ ಭಾರದ ಧಾತುಗಳು ಬಹುಪಾಲು ಬರುವುದು ದಕ್ಷಿಣ ಚೀನಾ ಮತ್ತು ಮ್ಯಾನ್ಮಾರ್‌ನ ಕಚಿನ್ ಪ್ರಾಂತದ ಜೇಡಿಮಣ್ಣಿನಿಂದ. ಈ ಧಾತುಗಳಿರುವ ಸಿದ್ಧ ಅಯಸ್ಕಾಂತಗಳಿಗೂ ನಿರ್ಬಂಧ ಅನ್ವಯಿಸಿತು. ಚಿಟಿಕೆಯೇ ಆದರೂ ಅದು ತಪ್ಪಿದರೆ ಮೋಟರಿಲ್ಲ.

ಪ್ರಶ್ನೆ: ಬೇರೆ ದೇಶಗಳು ಗಣಿ ತೆರೆದರೆ ಮುಗಿಯಿತಲ್ಲ?

ಉತ್ತರ: ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯನ್ನು ನೋಡಿ. 2010ರ ನಂತರ ಬೆಲೆ ಗಗನಕ್ಕೇರಿದಾಗ ಹಣ ಸುರಿದ ಅದರ ಆಗಿನ ಒಡೆಯ ಮಾಲಿಕಾರ್ಪ್ ಕಂಪನಿ, ಬೆಲೆ ಕುಸಿದು 2015ರಲ್ಲಿ ದಿವಾಳಿಯಾಯಿತು. ಗಣಿ ಮತ್ತೆ ತೆರೆದ ಮೇಲೂ ವರ್ಷಗಟ್ಟಲೆ ಅದರ ಅದಿರು ಶುದ್ಧೀಕರಣಕ್ಕೆ ಹೋದದ್ದು ಚೀನಾಕ್ಕೇ. 2025ರ ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಈಗಿನ ಒಡೆಯ ಎಂಪಿ ಮೆಟೀರಿಯಲ್ಸ್‌ಗೆ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂ ಜೋಡಿಯ ಮೇಲೆ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆಯ ಖಾತರಿ ಕೊಟ್ಟದ್ದು ಬೆಲೆ ಮತ್ತೆ ಕುಸಿದೀತೆಂಬ ಭಯಕ್ಕೆ.