ಬಳಕೆದಾರರು ಕಳಿಸಿದ ಕೋಡ್ ಉದಾಹರಣೆಗಳನ್ನು ಟೆಸ್ಟ್ ಮಾಡಿಕೊಳ್ಳಬಹುದೇ?

ನಿಮ್ಮ ಲೈಬ್ರರಿ (ಬೇರೆಯವರು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುವ ಸಿದ್ಧ ಕೋಡ್) ಬಳಸುವವರು ಕಳಿಸಿದ ಉದಾಹರಣೆಗಳು ರಾಶಿ ಬಿದ್ದಿವೆ, ಅವನ್ನೇ ಆಟೋಮೇಟೆಡ್ ಟೆಸ್ಟ್, ಅಂದರೆ ಕೋಡ್ ಸರಿ ಉತ್ತರ ಕೊಡುತ್ತದೆಯೇ ಅಂತ ತಾನಾಗಿ ನೋಡುವ ಪರೀಕ್ಷೆ, ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದ್ರಿ, ಮಾಡಲೇಬೇಕು. ಆದರೆ ಉದಾಹರಣೆಯನ್ನು ಓಡಿಸಿ, ಬಂದ ಉತ್ತರವನ್ನೇ ಸರಿ ಉತ್ತರ ಅಂತ ಬರೆದಿಟ್ಟುಕೊಳ್ಳಬೇಡಿ. ನಾನು ಅದನ್ನೇ ಮಾಡಿ ಪೆಟ್ಟು ತಿಂದಿದ್ದೇನೆ.

ನಾನಿರೋದು ಬೆಳಗಾವಿಯಲ್ಲಿ. ಉತಾರದ (ಪಹಣಿಯ) ಎಕರೆ-ಗುಂಟೆ-ಆಣೆ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಸಣ್ಣ ಲೈಬ್ರರಿ ಬರೆದಿದ್ದೇನೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಕೂಡಿಸಬೇಕು, ಪಾಲು ಮಾಡಬೇಕು, ಅಷ್ಟೇ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರೊಬ್ಬರು ಉದಾಹರಣೆ ಕಳಿಸಿದರು: ಒಂದು ಎಕರೆ ಹೊಲ, ಮೂವರು ಅಣ್ಣತಮ್ಮಂದಿರು. ನನ್ನ ಕೋಡ್ ತಲಾ 13 ಗುಂಟೆ 5 ಆಣೆ ಅಂದಿತು. ಅದನ್ನೇ ಟೆಸ್ಟಿಗೆ ಹಾಕಿದೆ, ಪಾಸ್ ಆಯಿತು. ತಿಂಗಳುಗಟ್ಟಲೆ ಪಾಸ್ ಆಗುತ್ತಲೇ ಇತ್ತು. ಕೊನೆಗೆ ಅವರೇ ಮತ್ತೆ ಬರೆದರು: "ಸರ್, ಮೂರೂ ಪಾಲು ಕೂಡಿಸಿದ್ರ 39 ಗುಂಟೆ 15 ಆಣೆ ಆಗ್ತೈತಿ. ಒಂದ್ ಆಣೆ ಎಲ್ಲಿ ಹೋತ್ರಿ?" ಒಂದು ಆಣೆ ಅಂದರೆ ಸುಮಾರು 68 ಚದರ ಅಡಿ. ಬದುವಿನ ಜಗಳಕ್ಕೆ ಅಷ್ಟು ಸಾಕು. ನನ್ನ ಟೆಸ್ಟ್ ಆ ತಪ್ಪನ್ನು ಹಿಡಿಯುವ ಬದಲು ಅದಕ್ಕೇ ಕಾವಲು ಕೂತಿತ್ತು.

ಈಗ ಉದಾಹರಣೆ ಬಂದ ಕೂಡಲೇ ಕಳಿಸಿದವರನ್ನು "ನಿಮಗೆ ಏನು ಬರಬೇಕಿತ್ರಿ?" ಅಂತ ಕೇಳುತ್ತೇನೆ. ಅವರ ಉತ್ತರವೇ ಟೆಸ್ಟ್. ಈ ಉದಾಹರಣೆಯಿಂದ ಸಿಕ್ಕಿದ್ದು ಒಂದು ನಿಯಮ: ಪಾಲು ಎಷ್ಟೇ ಇರಲಿ, ಪಾಲುಗಳ ಜೊತೆ ಉಳಿಕೆಯನ್ನೂ ಕೂಡಿಸಿದರೆ ಮೂಲ ಕ್ಷೇತ್ರ ಪೂರ್ತಿ ಬರಬೇಕು. ಎರಡರಿಂದ ಇಪ್ಪತ್ತು ಪಾಲಿನ ತನಕ ಅದನ್ನೇ ಓಡಿಸುತ್ತೇನೆ.

ಇನ್ನೊಂದು ಮಾತು, ಉದಾಹರಣೆಯನ್ನು ತಿದ್ದಿ ಚೊಕ್ಕ ಮಾಡಬೇಡಿ. ಬಾಗಲಕೋಟೆಯಿಂದ ಬಂದ ಒಂದರಲ್ಲಿ ಕ್ಷೇತ್ರವನ್ನು (2 ಎಕರೆ 10 ಗುಂಟೆ) '೨-೧೦' ಅಂತ ಬರೆದಿದ್ದರು. 2-10 ಅಂತ ತಿದ್ದಲು ಕೈ ಹೋಗಿತ್ತು, ತಡೆದೆ. ಹಾಗೇ ಓಡಿಸಿದರೆ ಫೇಲ್. ತಪ್ಪು ಪೈಥಾನಿನದಲ್ಲ. ಪೈಥಾನ್ 3 ಕನ್ನಡ ಅಂಕಿಗಳನ್ನು ತಾನಾಗಿಯೇ ಸಂಖ್ಯೆ ಮಾಡಿಕೊಳ್ಳುತ್ತದೆ. ನಾನೇ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಬರಹದ ಮಾದರಿ ಹುಡುಕುವ ಸೂತ್ರದಲ್ಲಿ) [0-9], ಅಂದರೆ ಇಂಗ್ಲಿಷ್ ಅಂಕಿ ಮಾತ್ರ, ಅಂತ ಬಾಗಿಲು ಹಾಕಿದ್ದೆ.

ಸಲಕರಣೆಗೆ ಕೊರತೆಯಿಲ್ಲ. ಪೈಥಾನ್‌ನ ಡಾಕ್‌ಟೆಸ್ಟ್ 2001ರ 2.1 ಆವೃತ್ತಿಯಿಂದಲೇ ಭಾಷೆಯ ಜೊತೆ ಬರುತ್ತಿದೆ, ಬರೆದವರು ಟಿಮ್ ಪೀಟರ್ಸ್. >>> ಗುರುತಿನ ಮುಂದಿನ ಕೋಡ್ ಓಡಿಸಿ, ಕೆಳಗೆ ಬರೆದ ಉತ್ತರದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಅದಕ್ಕೇ ಇವತ್ತಿನ ತಾರೀಖು, ಮೆಮೊರಿ ವಿಳಾಸ, ಸೆಟ್‌ನ ಅನುಕ್ರಮ ಇರುವ ಉದಾಹರಣೆಗಳು ಸುಮ್ಮಸುಮ್ಮನೆ ಮುರಿಯುತ್ತವೆ. ಅಂಥವನ್ನು ಪೈಥಾನಿನ ಇನ್ನೊಂದು ಟೆಸ್ಟ್ ಸಲಕರಣೆಯಾದ ಪೈಟೆಸ್ಟ್‌ಗೆ ಸಾಮಾನ್ಯ ಫಂಕ್ಷನ್ ಆಗಿ ಬರೆಯಿರಿ. ರಸ್ಟ್‌ನಲ್ಲಾದರೆ (ಅದೂ ಒಂದು ಪ್ರೋಗ್ರಾಮಿಂಗ್ ಭಾಷೆ) ಕೋಡಿನ ವಿವರಣೆಯೊಳಗಿನ ಉದಾಹರಣೆಗಳನ್ನು ಕಾರ್ಗೋ ಟೆಸ್ಟ್ ಎಂಬ ಆಜ್ಞೆ ತಾನೇ ಓಡಿಸುತ್ತದೆ.

ಅಪರಿಚಿತರ ಕೋಡನ್ನು ಓದದೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಬೇಡಿ. ನೆಟ್‌ವರ್ಕ್ ಇಲ್ಲದ ಕಂಟೇನರ್ (ಉಳಿದ ಕಂಪ್ಯೂಟರಿನಿಂದ ಬೇರ್ಪಡಿಸಿದ ಜಾಗ) ಸಾಕು. ಕಳಿಸಿದವರ ಒಪ್ಪಿಗೆ ಕೇಳಿ, ಒಪ್ಪಿದರೆ ಟೆಸ್ಟಿನ ಮೇಲೆ ಅವರ ಹೆಸರು ಬರೆಯಿರಿ. ಇಂಡಿಯವರ ಹೆಸರು ನನ್ನ ಫೈಲಿನಲ್ಲಿ ಮೊದಲ ಸಾಲಿನಲ್ಲೇ ಇದೆ.